ಪ್ರೊಬೇಷನ್ ಅಧಿಕಾರಿ ಬಂದರೆ ಬಾಗಿಲು ಹಾಕಿಕೊಳ್ಳಬೇಡಿ

ಕೇಳುಗರಿಗೆ ನಮಸ್ಕಾರ. ಪ್ರೊಬೇಷನ್ ಅಧಿಕಾರಿಯಾಗಿ ಉತ್ತರ ಕರ್ನಾಟಕದ ಊರೂರು ಸುತ್ತಿ ನಿವೃತ್ತನಾದವನು ನಾನು. ಹರೆಯದ ಮಕ್ಕಳಿರುವ ತಂದೆತಾಯಂದಿರಿಗೆ, ಊರ ಹಿರಿಯರಿಗೆ ನನ್ನದು ಒಂದೇ ಮಾತು: ಪ್ರೊಬೇಷನ್ ಅಧಿಕಾರಿ ವಿಚಾರಿಸಲು ಬಂದರೆ ಬಾಗಿಲು ಹಾಕಿಕೊಳ್ಳಬೇಡಿ. ಅವರು ಪೊಲೀಸರಲ್ಲ. ಪ್ರೊಬೇಷನ್ ಅಂದರೆ ತಪ್ಪು ಮಾಡಿದವರನ್ನು ಜೈಲಿಗೆ ಕಳಿಸದೆ, ನೆಟ್ಟಗೆ ನಡೆದುಕೊಳ್ಳುತ್ತೇನೆ ಎಂಬ ಮುಚ್ಚಳಿಕೆ, ಅಂದರೆ ಬಾಂಡ್, ಬರೆಸಿಕೊಂಡು ಬಿಡುವುದು.

1958ರ ಪ್ರೊಬೇಷನ್ ಕಾಯ್ದೆ ಇದೆಯಲ್ಲ, ಅದರ ಪ್ರಕಾರ 21 ತುಂಬದ ಹುಡುಗನನ್ನು ಜೈಲಿಗೆ ಕಳಿಸುವ ಮುಂಚೆ ನ್ಯಾಯಾಧೀಶರು ಅವನ ನಡತೆ, ಮನೆಯ ಸ್ಥಿತಿಗತಿ ಕುರಿತ ನಮ್ಮ ವರದಿ ತರಿಸಿ ನೋಡಬೇಕು. ಜೀವಾವಧಿ ಶಿಕ್ಷೆಯಂಥ ದೊಡ್ಡ ಅಪರಾಧಗಳ ಮಾತು ಬೇರೆ.

ಒಬ್ಬ ಕುರಿಗಾಹಿ ಹುಡುಗ. ಗೆಳೆಯರ ಜೊತೆ ಸೇರಿ ಪಂಪ್‌ಸೆಟ್ ಕೇಬಲ್ ಕದ್ದಿದ್ದ. ಊರಿಗೆ ಹೋದೆ, ಮನೆಗೆ ಬೀಗ. "ಅವರಿಗೆಲ್ಲಿಯ ನೆಲೆ ಸಾಹೇಬ್ರ, ಅಲೆಮಾರಿ ಮಂದಿ" ಅಂದರು ಪಕ್ಕದವರು. ಅಷ್ಟನ್ನೇ ಬರೆದಿದ್ದರೆ ಹುಡುಗ ಜೈಲಿಗೆ ಹೋಗುತ್ತಿದ್ದ, ಏಕೆಂದರೆ ಬಾಂಡ್ ಮೇಲೆ ಬಿಡಲು ಅವನಿಗಾಗಲಿ ಜಾಮೀನುದಾರನಿಗಾಗಲಿ ಖಾಯಂ ವಾಸವೋ ದುಡಿಮೆಯೋ ಇರಬೇಕು. ಕುರಿ ಹಿಂಡು ಎಲ್ಲಿದೆ ಅಂತ ಕೇಳುತ್ತ ಹೊರಟೆ. ಬಹಳ ದೂರದಲ್ಲಿ, ಭತ್ತ ಕೊಯ್ದ ಗದ್ದೆಯಲ್ಲಿ ಸಿಕ್ಕಿತು. ಗದ್ದೆಯ ಯಜಮಾನರು ಕೂರಿಸಿ ಚಹಾ ಕೊಟ್ಟು ಹೇಳಿದರು: "ಇವರಪ್ಪನ ಕಾಲದಿಂದ ಸುಗ್ಗಿ ಮುಗಿದ ಮೇಲೆ ನಮ್ಮ ಹೊಲದಾಗ ಕುರಿ ತರುಬತಾರ್ರೀ. ಗೊಬ್ಬರಕ್ಕ ನಾವು ಕಾಳು ಕೊಡ್ತೀವಿ. ಬೇಕಾದ್ರ ಜಾಮೀನು ನಾನs ನಿಲ್ತೀನಿ." ಹಿಂಡು ಯಾವ ತಿಂಗಳು ಯಾವ ಊರಲ್ಲಿರುತ್ತದೆ ಎಂದು ಹುಡುಗನ ಅಜ್ಜಿ ಬೆರಳು ಮಡಚಿ ಹೇಳಿದರು. ಅದನ್ನೆಲ್ಲ ವರದಿಯಲ್ಲಿ ಬರೆದೆ. ನ್ಯಾಯಾಧೀಶರು ಬಾಂಡ್ ಮೇಲೆ ಬಿಟ್ಟರು. ಆ ಯಜಮಾನರು ಬಾಗಿಲು ಹಾಕಿಕೊಂಡಿದ್ದರೆ?

ಕೆಲವು ಜನಾಂಗಗಳನ್ನು ಹುಟ್ಟಿನಿಂದಲೇ ಕಳ್ಳರೆಂದ 1871ರ ಕಾನೂನು 1952ರಲ್ಲೇ ರದ್ದಾಗಿದೆ. ಇನ್ನೂ ಆ ಮಾತಾಡುವವರಿದ್ದಾರೆ, ದಯವಿಟ್ಟು ನಿಲ್ಲಿಸಿ. ತಾಂಡಾದ ಹುಡುಗನ ವಿಷಯ ತಾಂಡಾದ ನಾಯಕರನ್ನು ಕೇಳಬೇಕು, ಹೆದ್ದಾರಿಯ ಚಹಾದಂಗಡಿಯಲ್ಲಲ್ಲ. ಹೊಸ ಅಧಿಕಾರಿಗಳಿಗೂ ನಾನು ಇದನ್ನೇ ಹೇಳುತ್ತಿದ್ದೆ.

ಸಮಯ ಮುಗಿಯುತ್ತಿದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆಯೂ ಒಂದು ಶಿಕ್ಷೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಕಳ್ಳತನ, ಮಾಲು ಹಿಂದಿರುಗಿಸಿದರೆ, ಜೈಲಿನ ಬದಲು ಸಂಬಳವಿಲ್ಲದೆ ಊರಿನ ಕೆಲಸ. ಅಂಥ ಹುಡುಗ ನಿಮ್ಮೂರ ಶಾಲೆಯಂಗಳ ಗುಡಿಸಲು ಬಂದರೆ ಫೋಟೊ ತೆಗೆಯಬೇಡಿ, ಪೊರಕೆ ಕೊಡಿ.

ಕೇಸು ನಡೆಯುತ್ತಿದ್ದರೆ ಶಿಕ್ಷೆಗೆ ಮುಂಚೆಯೇ ವಕೀಲರಿಗೆ ಪ್ರೊಬೇಷನ್ ಕೇಳಿ ಅನ್ನಿ. ವಕೀಲರನ್ನು ಇಡಲು ದುಡ್ಡಿಲ್ಲದವರು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ನಾಳೆಯೇ ಹೋಗಿ. ನಮಸ್ಕಾರ.