ಮೂಗಿನ ದಾರಿ, ಬಾಯಿಯ ತಾಣ

ಕೇಳುಗರೆಲ್ಲರಿಗೂ ನಮಸ್ಕಾರ. ಮಾತು ಆರಂಭಿಸುವ ಮೊದಲು ತಮ್ಮಿಂದ ಒಂದು ಸಣ್ಣ ಕೆಲಸ ಆಗಬೇಕಾಗಿದೆ. ಎರಡು ಬೆರಳುಗಳಿಂದ ಮೂಗಿನ ಹೊಳ್ಳೆಗಳನ್ನು ಒತ್ತಿ ಹಿಡಿದು, ತುಟಿಗಳನ್ನು ಮುಚ್ಚಿಕೊಂಡು, 'ಮ್' ಎಂದು ಎಳೆದು ನೋಡಿ. ದನಿ ಒಂದು ಕ್ಷಣ ಗಂಟಲಲ್ಲಿ ಮಿಡಿದು ಅಲ್ಲಿಯೇ ನಿಂತುಹೋಗುತ್ತದೆ, ಏಕೆಂದರೆ ಉಸಿರಿಗೆ ಹೊರಗೆ ಹೋಗಲು ದಾರಿಯೇ ಉಳಿದಿರುವುದಿಲ್ಲ. ಇನ್ನು ಮೂಗನ್ನು ಹಾಗೆಯೇ ಹಿಡಿದುಕೊಂಡು 'ಕಾಗೆ' ಎನ್ನಿ. ಮಾತಿಗೆ ಏನೂ ಆಗುವುದಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಅಂಗುಳಿನ ಹಿಂಭಾಗದಲ್ಲಿರುವ ಮೆತ್ತನೆಯ ಪರದೆ. ಕಿರುನಾಲಗೆ ಜೋತುಬಿದ್ದಿರುವುದು ಅದರ ತುದಿಯಲ್ಲಿಯೇ. 'ಕಾಗೆ' ಎನ್ನುವಾಗ ಈ ಪರದೆ ಮೇಲಕ್ಕೆದ್ದು ಮೂಗಿನ ಬಾಗಿಲನ್ನು ಮುಚ್ಚುತ್ತದೆ. 'ಮ' ಎನ್ನುವಾಗ ಕೆಳಗಿಳಿದು ತೆರೆಯುತ್ತದೆ. ಬಾಯಿಯೊಳಗೆ ನೋಡಿದರೆ 'ಬ' ಮತ್ತು 'ಮ' ಎರಡಕ್ಕೂ ತುಟಿಗಳು ಮಾಡುವ ಕೆಲಸ ಒಂದೇ. ಬೇರೆ ಇರುವುದು ಈ ಬಾಗಿಲಷ್ಟೆ. ಬಾಯಿ ಮತ್ತು ಮೂಗು ಎರಡೂ ಸೇರಿ ನುಡಿಯುವ ಧ್ವನಿಯೇ ಅನುನಾಸಿಕ ಎಂದು ಪಾಣಿನಿ ತನ್ನ ವ್ಯಾಕರಣದ ಆರಂಭದಲ್ಲಿಯೇ ಹೇಳಿದ್ದಾನೆ. ಬರಿಯ ಮೂಗು ಎನ್ನದೆ ಬಾಯಿಯನ್ನೂ ಸೇರಿಸಿ ಹೇಳಿರುವುದು ನನಗೆ ಬಹಳ ಮುಖ್ಯವೆಂದು ತೋರುತ್ತದೆ. ಮೂಗು ಕೊಡುವುದು ದಾರಿಯನ್ನು ಮಾತ್ರ. ಆ ಧ್ವನಿ 'ಮ' ಆಗಬೇಕೋ 'ನ' ಆಗಬೇಕೋ 'ಣ' ಆಗಬೇಕೋ ಎಂಬುದನ್ನು ತೀರ್ಮಾನಿಸುವುದು ಬಾಯಿ ಎಲ್ಲಿ ಮುಚ್ಚಿಕೊಂಡಿದೆ ಎಂಬುದು.

ನೆಗಡಿಯಾದವರನ್ನು ಕುರಿತು 'ಮೂಗಿನಲ್ಲಿ ಮಾತಾಡುತ್ತಾರೆ' ಎನ್ನುವುದುಂಟು. ನಿಜವಾಗಿ ನಡೆಯುವುದು ಅದಕ್ಕೆ ತದ್ವಿರುದ್ಧ. ಮೂಗು ಕಟ್ಟಿರುವುದರಿಂದ ಅವರಿಗೆ ಮೂಗಿನಲ್ಲಿ ಮಾತಾಡಲು ಆಗುತ್ತಿಲ್ಲ. 'ನಮ್ಮ ಮನೆ' ಎಂಬುದು 'ದಬ್ಬ ಬದೆ' ಎಂದು ಕೇಳಿಸುತ್ತದೆ. ನೆಗಡಿ ಎಂಬ ಹೆಸರೇ 'ದೆಗಡಿ' ಆಗಿಬಿಡುತ್ತದೆ. ಅಮೆರಿಕದ ವಾಯವ್ಯ ಕರಾವಳಿಯ ಮಕಾ ಮತ್ತು ಕ್ವಿಲಿಯೂಟ್ ಭಾಷೆಗಳಲ್ಲಿ ಇದೇ ಮಾರ್ಪಾಡು ಇಡೀ ಭಾಷೆಗೇ ಆಗಿಹೋಗಿದೆ. ಒಂದು ಕಾಲದಲ್ಲಿ ಅಲ್ಲಿದ್ದ 'ಮ', 'ನ'ಗಳು 'ಬ', 'ದ'ಗಳ ಕಡೆಗೆ ಸರಿದು, ಅನುನಾಸಿಕ ವ್ಯಂಜನಗಳಿಲ್ಲದ ಭಾಷೆಗಳಾಗಿ ಅವು ಉಳಿದಿವೆ. ಅದಕ್ಕೆ ನೆಗಡಿ ಕಾರಣವಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಇಂಥ ಭಾಷೆಗಳು ಬಹಳ ವಿರಳ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ಭಾಷೆಗಳಲ್ಲಿಯೂ ಮೂಗಿನ ಧ್ವನಿ ಒಂದಾದರೂ ಇದ್ದೇ ಇರುತ್ತದೆ.

ಕನ್ನಡದ ವರ್ಣಮಾಲೆ ಅಂಥ ಐದು ಧ್ವನಿಗಳಿಗೆ ಅಕ್ಷರ ಕೊಟ್ಟು, ಪ್ರತಿ ವರ್ಗದ ಕೊನೆಯಲ್ಲಿ ಒಂದೊಂದನ್ನು ಕೂರಿಸಿದೆ. ಅವುಗಳಲ್ಲಿ ಕ-ವರ್ಗದ ಕೊನೆಯ 'ಙ' ಮತ್ತು ಚ-ವರ್ಗದ ಕೊನೆಯ 'ಞ' ಮಗ್ಗಿಯಂತೆ ಒಪ್ಪಿಸುವಾಗ ಬಿಟ್ಟರೆ ಬರವಣಿಗೆಯಲ್ಲಿ ಎದುರಾಗುವುದೇ ಅಪರೂಪ. ಹಾಗೆಂದು ನಾವು ಅವನ್ನು ನುಡಿಯುವುದೇ ಇಲ್ಲವೆಂದಲ್ಲ. ಬೆಂಗಳೂರು ಎಂಬ ಹೆಸರನ್ನು ನಿಧಾನವಾಗಿ ಹೇಳುತ್ತ ಸೊನ್ನೆಯ ಬಳಿ ನಿಂತು ನೋಡಿ. ನಾಲಗೆಯ ಹಿಂಭಾಗ ಆಗಲೇ ಮೇಲೆದ್ದು, ಮುಂದೆ ಬರುವ 'ಗ'ಕಾರಕ್ಕಾಗಿ ಕಾದು ನಿಂತಿರುತ್ತದೆ. ಅಲ್ಲಿ ಹೊರಡುವುದೇ 'ಙ'. ಊರಿಗೆ 'ಬೆಂದಕಾಳೂರು' ಎಂಬ ಹೆಸರಿತ್ತೆಂಬ ಕಥೆಯನ್ನು ಎಲ್ಲರೂ ಕೇಳಿದ್ದೇವೆ. ಕಥೆ ನಿಜವಿರಲಿ ಇಲ್ಲದಿರಲಿ, 'ಬೆಂದ' ಎನ್ನುವಾಗ ಅದೇ ಸೊನ್ನೆಗೆ ನಾಲಗೆಯ ತುದಿ ಹಲ್ಲಿನ ಬಳಿಗೆ ಹೋಗುತ್ತದೆ ಎಂಬುದಂತೂ ನಿಜ. 'ಅಂಚೆ', 'ಗಂಟೆ', 'ಕಂಬ' ಎಂಬ ಮಾತುಗಳಲ್ಲಿ ಅದು ಇನ್ನೂ ಮೂರು ಬಗೆಯಾಗುತ್ತದೆ. ಮುಂದಿನ ಅಕ್ಷರದ ತಾಣವನ್ನು ಮೂಗಿನ ಧ್ವನಿ ಎರವಲು ಪಡೆಯುವುದರಿಂದ ಒಂದು ಸೊನ್ನೆಯೇ ಐದು ಕಡೆಗೂ ಸಾಕಾಗಿದೆ.

ಆದರೆ ಈ ಅನುಕೂಲದಿಂದ ನಮಗೊಂದು ಅಭ್ಯಾಸ ಅಂಟಿಕೊಂಡಿದೆ. 'ಗ'ಕಾರದ ಆಸರೆಯಿಲ್ಲದೆ 'ಙ' ನಮ್ಮ ಬಾಯಲ್ಲಿ ನಿಲ್ಲುವುದಿಲ್ಲ. ಇಂಗ್ಲಿಷಿನ 'ಫಿಂಗರ್' ಪದದಲ್ಲಿ 'ಗ' ಉಂಟು, 'ಸಿಂಗರ್' ಪದದಲ್ಲಿ ಇಲ್ಲ. ನಾವು ಎರಡರಲ್ಲಿಯೂ ಧಾರಾಳವಾಗಿ 'ಗ' ಸೇರಿಸುತ್ತೇವೆ. ನಮ್ಮ 'ತೆಂಗು' ಮಲಯಾಳದಲ್ಲಿ 'ತೆಙ್ಙ್' ಎಂದು 'ಗ'ಕಾರವಿಲ್ಲದೆಯೇ ನಿಲ್ಲುತ್ತದೆ, ನಮ್ಮ 'ನಾನು' ಅಲ್ಲಿ 'ಞಾನ್' ಆಗುತ್ತದೆ. ವಿಯೆಟ್ನಾಮಿನಲ್ಲಿ ಬಹಳ ಮಂದಿಗಿರುವ ಮನೆತನದ ಹೆಸರೊಂದು ಆರಂಭವಾಗುವುದೇ 'ಙ'ಕಾರದಿಂದ.

ಕನ್ನಡ ತನ್ನ ಮೂಗಿನ ಧ್ವನಿಯನ್ನು ಕಳೆದುಕೊಂಡ ಕಡೆಗಳೂ ಇವೆ, ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಅವೇ. ತಮಿಳಿನ 'ಪಾಂಬು' ಕನ್ನಡದಲ್ಲಿ ಹಾವು, 'ತೂಂಗು' ಎಂಬುದು ತೂಗು, 'ನೀಂಗು' ಎಂಬುದು ನೀಗು. ದೀರ್ಘ ಸ್ವರದ ಬೆನ್ನಿಗಿದ್ದ ಮೂಗಿನ ಧ್ವನಿ ಇಂಥ ಪದಗಳಲ್ಲಿ ಕನ್ನಡದಿಂದ ಜಾರಿಹೋಗಿದೆ. ಹಾಗೆಯೇ ಹಳಗನ್ನಡದ 'ಮರಂ' ಇಂದು ಬರಿಯ 'ಮರ' ಆಗಿದೆ. 'ಮರಮಂ' ಎಂಬಲ್ಲಿದ್ದ ನಡುವಿನ 'ಮ' ಇಂದಿನ 'ಮರವನ್ನು' ಎಂಬಲ್ಲಿ 'ವ' ಆಗಿದೆ; ಇಲ್ಲಿ ತುಟಿಯ ತಾಣ ಉಳಿದು ಮೂಗಿನ ದಾರಿ ಮಾತ್ರ ಮುಚ್ಚಿಕೊಂಡಿತು.

ಇದನ್ನು ಕಿವಿಯಾರೆ ಕೇಳಲು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಬೆಳಗಿನ ಹೊತ್ತು ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಅಂಗಡಿಗಳ ಮುಂದೆ ನಿಂತರೆ ಸಾಕು. ಮಲ್ಲಿಗೆ ಅಳೆಯುತ್ತ ಕನ್ನಡದವರು 'ಮೂರು ಮೊಳ' ಎಂದರೆ, ತಮಿಳರು 'ಮೂಣು ಮೊಳಂ' ಎನ್ನುತ್ತಾರೆ. ತಮಿಳಿನ ಬರವಣಿಗೆಯಲ್ಲಿ ಈ ಸಂಖ್ಯೆಯ ನಡುವೆ 'ನ'ಕಾರವೂ ಶಕಟರೇಫವೆಂಬ ಹಳೆಯ ಗಡಸು 'ರ'ಕಾರವೂ ಒಟ್ಟಿಗೆ ಇವೆ. ಆಡುಮಾತಿನ ತಮಿಳು ಮೂಗಿನ ಧ್ವನಿಯನ್ನು ಇರಿಸಿಕೊಂಡು ರೇಫವನ್ನು ಬಿಟ್ಟಿತು. ಕನ್ನಡ ರೇಫವನ್ನು ಇರಿಸಿಕೊಂಡು ಮೂಗಿನ ಧ್ವನಿಯನ್ನು ಬಿಟ್ಟಿತು. ಪಕ್ಕದಲ್ಲಿ 'ಮೂಡು' ಎನ್ನುವ ತೆಲುಗರ ಬಾಯಲ್ಲಿಯೂ ಅದು ಈಗ ಕೇಳಿಸುವುದಿಲ್ಲ. ಆದರೆ ಹಳೆಯ ತೆಲುಗು ಬರವಣಿಗೆ ಅದು ಹಿಂದೆ ಇದ್ದ ಜಾಗದಲ್ಲಿ ಅರೆಸೊನ್ನೆಯೊಂದನ್ನು ಗುರುತಿಗೆಂದು ಇಟ್ಟುಕೊಂಡಿತ್ತು. ನಮ್ಮ 'ಮೂರು' ಎಂಬ ಪದದಲ್ಲಿ ಅಷ್ಟು ಗುರುತೂ ಇಲ್ಲ. ನಮಸ್ಕಾರ.