ಗಾಳ ಹಿಡಿದು ಕುಳಿತವನ ಕ್ಯಾಲೊರಿ ಲೆಕ್ಕ

ಆತ್ಮೀಯರೇ,

ಮೀನು ಹಿಡಿಯುವಾಗ ಮೈಯಲ್ಲಿ ಎಷ್ಟು ಕ್ಯಾಲೊರಿ ಖರ್ಚಾಗುತ್ತದೆ ಎಂಬುದರ ಮೇಲೆ ಮಾತನಾಡುತ್ತೇನೆ ಎಂದಾಗ ಮನೆಯವಳು, "ಕುಳಿತಲ್ಲೇ ಕುಳಿತಿರುವುದಕ್ಕೂ ಲೆಕ್ಕವೇ?" ಎಂದು ನಕ್ಕಳು. ಗೋವೆಯ ವಾಸ್ಕೊದ ಈ ಸಭೆಯಲ್ಲಿ ಗದಗ, ಧಾರವಾಡದ ಕಡೆಯ, ಮೀನು ಮುಟ್ಟದ ಹಿರಿಯರೂ ಇದ್ದೀರಿ. ಗಾಬರಿ ಬೇಡ, ಮೈಯ ಲೆಕ್ಕ ಎಲ್ಲರಿಗೂ ಒಂದೇ.

ನಾನು ನಿವೃತ್ತನಾದಾಗ ಮಗ ಒಂದು ಸ್ಮಾರ್ಟ್‌ವಾಚ್ ಕೊಡಿಸಿದ. ಬೋಗ್ಮಾಳೊ ಕಡೆಯ ಬಂಡೆಗಳ ಮೇಲೆ ನಾಲ್ಕು ತಾಸು ಗಾಳ ಹಾಕಿ ಮನೆಗೆ ಬಂದ ದಿನ ಅದು 900ಕ್ಕೂ ಹೆಚ್ಚು ಕ್ಯಾಲೊರಿ ತೋರಿಸಿತು. ಆ ಖುಷಿಗೆ ಎರಡು ಬಂಗುಡೆ ಹೆಚ್ಚಿಗೆ ತಿಂದೆ. ಹೀಗೇ ಮೂರು ತಿಂಗಳು ನಡೆಯಿತು. ವಾಚು ಹೇಳಿದ್ದನ್ನು ನಾನು ನಂಬಿದೆ, ನನ್ನ ಬೆಲ್ಟು ನಂಬಲಿಲ್ಲ.

ಇಂಥ ಸಂಖ್ಯೆ ಎಲ್ಲಿಂದ ಬರುತ್ತದೆ? 1993ರಲ್ಲಿ ಅಮೆರಿಕದ ಬಾರ್ಬರಾ ಏನ್ಸ್‌ವರ್ತ್ ಮತ್ತು ಸಂಗಡಿಗರು ಮನುಷ್ಯನ ನಾನಾ ಚಟುವಟಿಕೆಗಳಿಗೆ ಅಂಕ ಕೊಟ್ಟು ಒಂದು ಪಟ್ಟಿ ಪ್ರಕಟಿಸಿದರು. ಆ ಅಂಕದ ಹೆಸರು ಮೆಟ್. ಸುಮ್ಮನೆ ಕುಳಿತವನ ಮೈ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್ ಆಮ್ಲಜನಕ ಬಳಸುತ್ತದೆ ಎಂದು ಹಿಡಿದು, ಅದನ್ನು ಒಂದು ಮೆಟ್ ಎನ್ನುತ್ತಾರೆ. ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕಿಲೋಕ್ಯಾಲೊರಿ. ಹಾಗಾಗಿ ಒಂದು ಮೆಟ್ ಎಂದರೆ ಕಿಲೋ ತೂಕಕ್ಕೆ ತಾಸಿಗೆ ಹೆಚ್ಚುಕಡಿಮೆ ಒಂದು ಕಿಲೋಕ್ಯಾಲೊರಿ. ನಾವು ಬಾಯಿಮಾತಿನಲ್ಲಿ ಕ್ಯಾಲೊರಿ ಎನ್ನುವುದು ಇದನ್ನೇ. ಅದೇ ಪಟ್ಟಿಯ 2011ರ ಪರಿಷ್ಕೃತ ಆವೃತ್ತಿಯಲ್ಲಿ ಸಾಮಾನ್ಯ ಮೀನು ಹಿಡಿಯುವಿಕೆಗೆ 3.5, ದೋಣಿಯಲ್ಲಿ ಕುಳಿತು ಹಿಡಿದರೆ 2, ದಡದ ಮೇಲೆ ಓಡಾಡುತ್ತ ಹಿಡಿದರೆ 4, ಹೊಳೆಯ ನೀರಿಗಿಳಿದು ಹಿಡಿದರೆ 6. ಹಿಮಗಡ್ಡೆ ಕೊರೆದು ಮೀನು ಹಿಡಿಯುವವರಿಗೂ ಅದರಲ್ಲಿ ಜಾಗವಿದೆ, ದಡದಿಂದ ಬಲೆ ಎಳೆಯುವ ನಮ್ಮ ರಾಂಪಣಿಗೆ ಇಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ತೂಕ 70 ಕಿಲೋ. 3.5ನ್ನು 70ರಿಂದ, ಮತ್ತೆ 4 ತಾಸಿನಿಂದ ಗುಣಿಸಿದರೆ 980. ವಾಚು ಹೇಳಿದ್ದೂ ಹೆಚ್ಚುಕಡಿಮೆ ಅದೇ. ಆದರೆ ಆ ನಾಲ್ಕು ತಾಸು ನಾನು ಮಾಡಿದ್ದಾದರೂ ಏನು? ಇನ್ನೊಂದು ದಿನ ಭಾವನವರನ್ನು ಕರೆದೊಯ್ದು, ಕೈಗೆ ನೋಟ್‌ಬುಕ್ ಕೊಟ್ಟು, ನಿಮಿಷ ನಿಮಿಷವನ್ನೂ ಬರೆಸಿದೆ. ಜಾಗ ಹುಡುಕುತ್ತ ನಡೆದದ್ದು 35 ನಿಮಿಷ. ನಿಂತು ಗಾಳ ಬೀಸಿದ್ದು, ಎಳೆದದ್ದು, ಮತ್ತೆ ಬೀಸಿದ್ದು 50 ನಿಮಿಷ. ಉಳಿದ 155 ನಿಮಿಷ, ಭಾವನವರ ಅಕ್ಷರದಲ್ಲೇ ಹೇಳುವುದಾದರೆ, "ಕುಳಿತಿದ್ದಾರೆ". ಗಾಳಕ್ಕೆ ಸಿಗಡಿ ಸಿಕ್ಕಿಸುವುದು (ನಮ್ಮ ಅಂಕೋಲೆಯಲ್ಲಿ ಅದು ಶೆಟ್ಲಿ), ಚಹಾ ಕುಡಿಯುವುದು, ದಾರ ನೋಡುತ್ತಿರುವುದು ಎಲ್ಲ ಅದರಲ್ಲೇ ಬಂತು. ನಡೆದದ್ದಕ್ಕೆ 4, ನಿಂತದ್ದಕ್ಕೆ 3.5, ಕುಳಿತದ್ದಕ್ಕೆ 1.3 ಹಾಕಿ ಕೂಡಿದರೆ ಸುಮಾರು 603. ಮನೆಯಲ್ಲಿ ಸೋಫಾದ ಮೇಲೆ ಕುಳಿತಿದ್ದರೂ ನಾಲ್ಕು ತಾಸಿಗೆ 280 ಹೋಗಿಯೇ ಹೋಗುತ್ತಿತ್ತು. ಅದನ್ನು ಕಳೆದರೆ ಗಾಳದ ಲೆಕ್ಕಕ್ಕೆ ಸೇರುವುದು 323. ಎಲ್ಲಿಯ 980, ಎಲ್ಲಿಯ 323! ಹುರಿಯುವ ಎಣ್ಣೆ ಒಂದು ದೊಡ್ಡ ಚಮಚಕ್ಕೆ 120. ರವೆ ಹಚ್ಚಿ ಹುರಿದ ಬಂಗುಡೆಯ ಜೊತೆ ಮೂರು ಚಮಚ ಎಣ್ಣೆ ಹೊಟ್ಟೆ ಸೇರಿದರೆ ಬೆಳಗಿನ ಗಳಿಕೆ ಪೂರ್ತಿ ಮುಗಿಯಿತು.

ಈ 323 ಸಹ ಅಂದಾಜೇ. ವಯಸ್ಸಾಗಿ ಹೊಟ್ಟೆ ಬಂದ ನನ್ನಂಥವರ ಮೈ ಸುಮ್ಮನಿದ್ದಾಗ ಆ 3.5 ಮಿಲಿಲೀಟರ್‌ಗಿಂತ ಕಡಿಮೆಯನ್ನೇ ಬಳಸುತ್ತದೆ. ವಾಚಿನದು ಬೇರೆಯೇ ಕಥೆ. ಅದು ನೋಡುವುದು ಮುಖ್ಯವಾಗಿ ನಾಡಿ ಬಡಿತವನ್ನು. ಗೋವೆಯ ಸೆಕೆಗೆ ನಾಡಿ ಏರುತ್ತದೆ. ದಾರ ಒಮ್ಮೆ ಸಣ್ಣಗೆ ನಡುಗಿ, ನಿಂತು, ಮತ್ತೆ ಜಗ್ಗಿದಾಗಲಂತೂ ಎದೆ ಡವಡವ ಎನ್ನುತ್ತದೆ. ಆಗ ನಾನು ಕುಳಿತಲ್ಲಿಂದ ಎದ್ದೂ ಇರುವುದಿಲ್ಲ, ವಾಚು ಮಾತ್ರ ನಾನು ಓಡುತ್ತಿದ್ದೇನೆ ಎಂದುಕೊಳ್ಳುತ್ತದೆ.

ಈಗ ರಾಂಪಣಿ. ಬೆಣಾವ್ಲಿ, ಕೊಲ್ವಾ ಕಡೆಯ ಮರಳಿನಲ್ಲಿ ನೀವು ನೋಡಿರಬಹುದು. ದೋಣಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ನೀರಿಗೆ ಬಿಟ್ಟು ಬರುತ್ತದೆ, ದಡದಲ್ಲಿ ಎರಡು ಗುಂಪು ಎರಡು ಹಗ್ಗ ಹಿಡಿಯುತ್ತವೆ. ಹಿಮ್ಮಡಿಯನ್ನು ಮರಳಿನಲ್ಲಿ ಹೂತು, ಬೆನ್ನು ಹಿಂದಕ್ಕೆ ವಾಲಿಸಿ, ಒಂದೊಂದೇ ಹೆಜ್ಜೆ ಹಿಂದೆ ಸರಿಯಬೇಕು. ಬಲೆ ಭಾರವಾದಾಗ ಹಗ್ಗ ಗೇಣೂ ಕದಲುವುದಿಲ್ಲ. ಭೌತಶಾಸ್ತ್ರದ ಮೇಷ್ಟರನ್ನು ಕೇಳಿದರೆ, ಹಗ್ಗ ಸರಿಯದಿದ್ದ ಮೇಲೆ ಮಾಡಿದ ಕೆಲಸ ಸೊನ್ನೆ ಎನ್ನುತ್ತಾರೆ. ಆದರೆ ಬಿಗಿದು ಹಿಡಿದ ಸ್ನಾಯು ಆಗಲೂ ಇಂಧನ ಸುಡುತ್ತಲೇ ಇರುತ್ತದೆ. 1970ರ ದಶಕದಲ್ಲಿ ಟ್ರಾಲರ್‌ಗಳ ವಿರುದ್ಧ ಬೀದಿಗಿಳಿದು ಹೋರಾಡಿದ್ದು ಇದೇ ರಾಂಪಣಕಾರರು. ಅಲ್ಲಿ ಸುಡುವುದು ಡೀಸೆಲ್, ಇಲ್ಲಿ ಉಂಡ ಅನ್ನ.

ಕಸುಬಿನ ಮೀನುಗಾರಿಕೆಯ ಕಠಿಣ ದುಡಿಮೆಗೆ ಅದೇ ಪಟ್ಟಿ 7 ಮೆಟ್ ಕೊಡುತ್ತದೆ. 60 ಕಿಲೋದ ಆಳಿಗೆ ತಾಸಿಗೆ 420. ರಾಂಪಣಿಗೆ ಇದನ್ನೇ ಹಾಕಬಹುದೇ? ಎಳೆತದ ನಡುವೆ ಎಷ್ಟು ನಿಮಿಷ ನಿಲ್ಲುತ್ತಾರೆ, ಎಷ್ಟು ಹೊತ್ತು ಹಗ್ಗ ಸುತ್ತುತ್ತಾರೆ ಎಂದು ಅಲ್ಲೇ ನಿಂತು ಬರೆಯದೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬರುವ ಭಾನುವಾರ ನಸುಕಿನಲ್ಲಿ ಬೆಣಾವ್ಲಿಗೆ ಹೋಗುತ್ತಿದ್ದೇವೆ. ಹಗ್ಗಕ್ಕೆ ಕೈ ಹಾಕಲು ಭಾವನವರು ಸಿದ್ಧರಿದ್ದಾರೆ, ನಿಮಿಷ ಬರೆಯುವವರು ಒಬ್ಬರು ಬೇಕಾಗಿದ್ದಾರೆ. ಗದಗದವರಾದರೂ ಸರಿ.