ಗಿರಣಿಗಳನ್ನೇ ಪಾರ್ಕ್ ಮಾಡಿಕೊಂಡ ಊರು

ಎಲ್ಲರಿಗೂ ನಮಸ್ಕಾರ. ಇಂಜಿನಿಯರುಗಳ ದಿನ ಅಂದಮೇಲೆ ಸರ್ ಎಂ.ವಿ. ನೆನಪಾಗಲೇಬೇಕು. ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನ ಅವರ ಸ್ವಯಂಚಾಲಿತ ಗೇಟುಗಳ ಬಗ್ಗೆ ಅಧ್ಯಕ್ಷರು ಈಗತಾನೇ ಹೇಳಿದರು. ನಾನೂ ಒಂದು ಗೇಟಿನ ಕಥೆಯನ್ನೇ ತಂದಿದ್ದೇನೆ. ಆದರೆ ಮೊದಲು ಆ ಊರನ್ನು ತೋರಿಸಬೇಕು.

ಅಮೆರಿಕದ ಬಾಸ್ಟನ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ಹೋದರೆ ಲೋವೆಲ್ ಸಿಗುತ್ತದೆ. ಮೆರಿಮ್ಯಾಕ್ ನದಿ ಅಲ್ಲಿ 32 ಅಡಿ ಕೆಳಕ್ಕೆ ಇಳಿಯುತ್ತದೆ. ಆ ಇಳಿತಕ್ಕಾಗಿಯೇ 1820ರ ದಶಕದಲ್ಲಿ ಬಟ್ಟೆ ಗಿರಣಿಗಳ ಊರು ಕಟ್ಟಿದರು. ಗೋಕಾಕ ಫಾಲ್ಸಿನ ಗಿರಣಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಳುವ ನೀರೇ ಬಂಡವಾಳ. ಸುಮಾರು 9 ಕಿಲೋಮೀಟರ್ ಕಾಲುವೆ. ಅದನ್ನು ತೋಡಿದವರಲ್ಲಿ ಐರ್ಲೆಂಡಿನಿಂದ ಬಂದ ಕೂಲಿಗಳೇ ಜಾಸ್ತಿ.

ಈಗ ಗೇಟಿಗೆ ಬರುತ್ತೇನೆ. ನೀರಿನ ಬಲದಿಂದ ತಿರುಗುವ ಚಕ್ರ, ಫ್ರಾನ್ಸಿಸ್ ಟರ್ಬೈನ್ ಗೊತ್ತಲ್ವಾ? ಪರೀಕ್ಷೆಯಲ್ಲಿ ಅದರ ಚಿತ್ರ ಬಿಡಿಸದವರು ಈ ಸಭೆಯಲ್ಲಿ ಕಡಿಮೆ! ಆ ಜೇಮ್ಸ್ ಫ್ರಾನ್ಸಿಸ್ ಇದೇ ಊರಿನ ಕಾಲುವೆ ಕಂಪನಿಯ ಮುಖ್ಯ ಇಂಜಿನಿಯರ್. ಇಂಗ್ಲೆಂಡಿನಿಂದ ಬಂದ ಹುಡುಗ, 22ನೇ ವಯಸ್ಸಿಗೇ ಆ ಕೆಲಸ ಸಿಕ್ಕಿತು. ಅವನು ನದಿಯ ಹಳೆಯ ಪ್ರವಾಹಗಳನ್ನೆಲ್ಲ ಹುಡುಕಿ ನೋಡಿದ. ದೊಡ್ಡ ನೀರು ಬಂದರೆ ಕಾಲುವೆಯ ದಾರಿಯಲ್ಲೇ ಊರೊಳಗೆ ನುಗ್ಗುತ್ತದೆ ಅಂತ ಗೊತ್ತಾಯಿತು. 1850ರಲ್ಲಿ ಕಾಲುವೆಯ ಬಾಯಿಗೆ ಒಂದು ಮರದ ಬಾಗಿಲು ತೂಗುಹಾಕಿದ. 27 ಅಡಿ ಅಗಲ, 25 ಅಡಿ ಎತ್ತರ! ದಿನಾ ಏರಿಸಿ ಇಳಿಸುವ ಗೇಟಲ್ಲ ಅದು. ಕಬ್ಬಿಣದ ಪಟ್ಟಿಯೊಂದರಲ್ಲಿ ಸುಮ್ನೆ ತೂಗಾಡುತ್ತಿತ್ತು. ಜನ ನಕ್ಕರು. 'ಫ್ರಾನ್ಸಿಸನ ಹುಚ್ಚು' ಅಂತ ಅದಕ್ಕೆ ಹೆಸರೇ ಇಟ್ಟುಬಿಟ್ಟರು.

ಎರಡೇ ವರ್ಷ. 1852ರ ಏಪ್ರಿಲ್‌ನಲ್ಲಿ ನದಿ ಉಕ್ಕಿತು. ಬೆಳಗಿನ ಜಾವ ಉಳಿ, ಸುತ್ತಿಗೆ ಹಿಡಿದು ಆ ಪಟ್ಟಿ ಕಡಿದರು. ಬಾಗಿಲು ಧೊಪ್ಪನೆ ಬಿತ್ತು. ಊರು ಉಳಿಯಿತು. ಆಮೇಲೆ 1936ರಲ್ಲಿ ಮತ್ತೆ ಮಹಾಪ್ರವಾಹ. ಫ್ರಾನ್ಸಿಸ್ ಸತ್ತು ಆಗಲೇ 44 ವರ್ಷ. ಅದೇ ಬಾಗಿಲನ್ನು ಮತ್ತೆ ಇಳಿಸಿದರು. ಹಳೆಯದು ಅಂತ ಯಾರಾದರೂ ನಡುವೆ ಕಿತ್ತು ಹಾಕಿದ್ದರೆ? ನಾನು ಇವತ್ತು ಹೇಳಬೇಕೆಂದು ಬಂದದ್ದು ಇಷ್ಟೇ: ಒಡೆಯುವ ಮೊದಲು ಒಂದು ಸಲ ನಿಂತು ನೋಡಿ.

ಗಿರಣಿಯಲ್ಲಿ ದುಡಿದವರು ಯಾರು? ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ಕಂಪನಿಯ ವಸತಿಗೃಹದಲ್ಲಿ ವಾಸ, ಗಂಟೆ ಹೊಡೆದಾಗ ಏಳಬೇಕು, ದಿನಕ್ಕೆ ಹನ್ನೆರಡು ಗಂಟೆಗೂ ಜಾಸ್ತಿ ಕೆಲಸ. 1834ರಲ್ಲಿ ಕೂಲಿ ಇಳಿಸಿದಾಗ ಮಗ್ಗ ಬಿಟ್ಟು ಬೀದಿಗೆ ಬಂದರು. 1836ರಲ್ಲಿ ಮತ್ತೆ ಬಂದರು. ನಮ್ಮ ಮನೆಗಳ ಹದಿನೇಳು, ಹದಿನೆಂಟರ ಹುಡುಗಿಯರನ್ನು ನೆನೆಸಿಕೊಳ್ಳಿ. ಎಂಥ ಧೈರ್ಯ! ಇನ್ನೊಂದು ಮಾತನ್ನೂ ಹೇಳಲೇಬೇಕು. ಅವರ ಕೈಗೆ ಬರುತ್ತಿದ್ದ ಹತ್ತಿಯನ್ನು ಅಮೆರಿಕದ ದಕ್ಷಿಣದಲ್ಲಿ ಬೆಳೆದು ಬಿಡಿಸುತ್ತಿದ್ದವರು ಗುಲಾಮರು. ಅದನ್ನು ಮುಚ್ಚಿಟ್ಟು ಈ ಊರನ್ನು ಹೊಗಳುವುದು ತಪ್ಪು.

20ನೇ ಶತಮಾನದಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1960ರ ದಶಕದಲ್ಲಿ ಹಳೆಯ ವಸತಿ ಸಾಲುಗಳನ್ನು ನೆಲಸಮ ಮಾಡಿದರು. ಆಗಲೇ ಪ್ಯಾಟ್ರಿಕ್ ಮೋಗನ್ ಎಂಬ ಶಿಕ್ಷಣತಜ್ಞರು ಹೊಸದೊಂದು ಮಾತು ಹೇಳತೊಡಗಿದರು: ಇಡೀ ಊರನ್ನೇ ಪಾರ್ಕ್ ಮಾಡೋಣ. ಅದೇ ಊರಿನ ಸಂಸದ ಪಾಲ್ ಸಾಂಗಸ್ ಅದಕ್ಕಾಗಿ ಸಂಸತ್ತಿನಲ್ಲಿ ಓಡಾಡಿದರು. 1978ರಲ್ಲಿ ಅದು ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಆಯಿತು. ನಮಗೆ ಪಾರ್ಕ್ ಅಂದ್ರೆ ಹುಲ್ಲು, ಕಾರಂಜಿ, ಎರಡು ಬೆಂಚು. ಅಲ್ಲಿ ಕಾಲುವೆ, ಗಿರಣಿ, ತೂಬು ಎಲ್ಲವೂ ಪಾರ್ಕೇ. ಬೂಟ್ ಎಂಬ ಹೆಸರಿನ ಬಟ್ಟೆ ಗಿರಣಿಯಲ್ಲಿ ಇವತ್ತಿಗೂ ಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ. ನಾನು ಒಳಗೆ ಹೋದಾಗ ನೆಲ ನಡುಗುತ್ತಿತ್ತು, ಪಕ್ಕದಲ್ಲಿದ್ದ ಮಗಳ ಮಾತೇ ಕೇಳಿಸಲಿಲ್ಲ. ಆ ಹುಡುಗಿಯರು ಇಡೀ ದಿನ ಈ ಸದ್ದಿನಲ್ಲೇ ಇದ್ದರಲ್ಲ ಅಂತ ಕಣ್ಣು ತುಂಬಿ ಬಂತು. ಇದು ಚಿತ್ರ ನೋಡಿದರೆ ತಿಳಿಯುವುದಿಲ್ಲ. ಕಟ್ಟಡ ಒಡೆದು ಫಲಕ ನೆಟ್ಟರೂ ತಿಳಿಯುವುದಿಲ್ಲ.

ಚೀಟಿ ಬಂತು, ಐದು ನಿಮಿಷ ಅಂತೆ. ಹುಲ್ಲಿನ ಪಾರ್ಕುಗಳೂ ಇವೆ, ಬೇಗ ಹೇಳಿಬಿಡುತ್ತೇನೆ. ನಾರ್ತ್ ಕಾಮನ್, ಸೌತ್ ಕಾಮನ್ ಎರಡೂ 1845ರವು. ಕಾಲುವೆ ದಂಡೆಯ ಪಾರ್ಕಿಗೆ ಲೂಸಿ ಲಾರ್ಕಮ್ ಹೆಸರು. ಹನ್ನೊಂದನೇ ವಯಸ್ಸಿಗೆ ಗಿರಣಿ ಸೇರಿ, ಮುಂದೆ ಕವಿಯಾದವಳು. ಗಿರಣಿ ಮಾಲೀಕನ ಹೆಸರು ಊರಿಗೆ, ಗಿರಣಿ ಹುಡುಗಿಯ ಹೆಸರು ಪಾರ್ಕಿಗೆ. ನನಗೆ ಇದು ತುಂಬಾ ಇಷ್ಟವಾಯಿತು. ಬೋರ್ಡಿಂಗ್ ಹೌಸ್ ಪಾರ್ಕಿನಲ್ಲಿ ಬೇಸಿಗೆ ಸಂಜೆ ಸಂಗೀತ ಇರುತ್ತದೆ. ಕಾಲುವೆಯಲ್ಲಿ ದೋಣಿ ಬಿಡುತ್ತಾರೆ.

ಟರ್ಬೈನಿನ ಲೆಕ್ಕ ಹೇಳಬೇಕೆಂದಿದ್ದೆ, ಅದು ಇನ್ನೊಮ್ಮೆ. ಬಾಗಿಲಿನ ಫೋಟೋಗಳನ್ನು ಹಿಂದಿನ ಮೇಜಿನ ಮೇಲಿಟ್ಟಿದ್ದೇನೆ. ಕಾಫಿಗೆ ಹೋಗುವಾಗ ನೋಡಿ. ಅದರ ಮುಂದೆ ನಿಂತಿರುವುದು ನನ್ನ ಮಗಳು. ಬಾಗಿಲು ಎಷ್ಟು ದೊಡ್ಡದೆಂದು ಗೊತ್ತಾಗಲಿ ಅಂತ ಅವಳನ್ನು ಅಲ್ಲಿ ನಿಲ್ಲಿಸಿದೆ.